ಕತ್ತಲೆಯ ಪೇಟೆಗೆ ಯಾವ ಕ್ಯಾಮೆರಾ?

ಮಸ್ಕತ್‌ನ ಮತ್ರಾ ಸೂಕಿಗೆ ಅಲ್ ದಲಾಮ್ ಎಂಬ ಇನ್ನೊಂದು ಹೆಸರೂ ಇದೆ. ಅರಬಿಯಲ್ಲಿ ದಲಾಮ್ ಎಂದರೆ ಕತ್ತಲೆ. ಓಣಿಗಳು ಇಕ್ಕಟ್ಟು, ಮೇಲೆ ಮಾಡು. ನಡುಹಗಲಲ್ಲೂ ಬಿಸಿಲು ಒಳಗಿಳಿಯದೆ ದೀಪ ಬೇಕಾಗುತ್ತಿದ್ದ ಪೇಟೆಗೆ ಆ ಹೆಸರು ಅಂಟಿಕೊಂಡಿತು. ಲುಬಾನಿನ ಹೊಗೆ, ಬೆಳ್ಳಿಯ ಖಂಜರಿನ ಮೇಲೆ ಬಿದ್ದ ಬಲ್ಬಿನ ಹೊಳಪು, ನಿಲ್ಲದೆ ಸರಿಯುವ ಜನ ಹೀಗೆ ಕಡಿಮೆ ಬೆಳಕಿನ ಛಾಯಾಗ್ರಹಣದ ತೊಡಕುಗಳೆಲ್ಲ ಈ ಓಣಿಗಳಲ್ಲೇ ಎದುರಾಗುತ್ತವೆ. ಮೊದಲ ಕ್ಯಾಮೆರಾ ಕೊಳ್ಳಲು ಹೊರಟ ಹೊಸಬರೊಬ್ಬರು ಮತ್ತು ಈ ಕತ್ತಲೆಯನ್ನು ಚೆನ್ನಾಗಿ ಬಲ್ಲ ಹಳಬರೊಬ್ಬರು, ಇಬ್ಬರೂ ಒಮಾನಿನಲ್ಲಿರುವ ಕನ್ನಡಿಗರು, ಈ ವಿಷಯವನ್ನು ಬುಡದಿಂದ ಬಿಡಿಸಿ ನೋಡಿದ ಸಂವಾದ ಇದು.

ಹೊಸಬ: ಫೋನಿನಲ್ಲೇ ನೈಟ್ ಮೋಡ್ ಇದೆಯಲ್ಲ. ಕತ್ತಲೆಗೆಂದು ಬೇರೆ ಕ್ಯಾಮೆರಾ ಯಾಕೆ?

ಹಳಬ: ಮತ್ರಾದ ಕಾರ್ನಿಶ್ ಎಂಬ ಕಡಲದಂಡೆಯ ರಸ್ತೆಯಲ್ಲಿ ನಿಂತು ಗುಡ್ಡದ ಮೇಲಿನ ಕೋಟೆಯ ದೀಪಗಳನ್ನು ತೆಗೆಯುವುದಷ್ಟೇ ಆದರೆ ಬೇಡ. ನೈಟ್ ಮೋಡ್ ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂರಿಸಿ, ಒಂದೇ ಚಿತ್ರವಾಗಿ ಹೆಣೆಯುತ್ತದೆ. ಕೋಟೆ ಅಲುಗಾಡುವುದಿಲ್ಲ, ಹೆಣಿಗೆ ಸರಿಹೋಗುತ್ತದೆ. ಮಸ್ಕತ್‌ನ ಸಭಾಂಗಣದಲ್ಲಿ ಯಕ್ಷಗಾನ ನಡೆಯುತ್ತಿದೆ ಎನ್ನಿ. ಪುಂಡುವೇಷ ಗಿರ್ರನೆ ಸುತ್ತುತ್ತ ಧಿಗಿಣ ಹಾರುತ್ತಿದೆ. ಆ ಹಲವು ಚಿತ್ರಗಳಲ್ಲಿ ಕಾಲು ಒಂದೊಂದರಲ್ಲಿ ಒಂದೊಂದು ಕಡೆ. ಹೆಣೆದರೆ ಸಿಗುವುದು ಮಸುಕು.

ಹೊಸಬ: ಅಂದರೆ ತೊಂದರೆ ಕತ್ತಲೆಯದ್ದಲ್ಲ, ಚಲನೆಯದ್ದು?

ಹಳಬ: ಎರಡೂ ಕೂಡಿದಾಗಿನದ್ದು. ಕಡಿಮೆ ಬೆಳಕು ಎಂಬುದನ್ನು ಮೊದಲೇ ಎರಡಾಗಿ ಒಡೆದುಕೊಳ್ಳಬೇಕು. ಎದುರಿಗಿರುವುದು ನಿಂತದ್ದೇ, ಚಲಿಸುವುದೇ? ನಿಂತದ್ದಾದರೆ ಟ್ರೈಪಾಡಿನ ಮೇಲೆ ಕ್ಯಾಮೆರಾ ಕೂರಿಸಿ ಶಟರನ್ನು ಹತ್ತು ಸೆಕೆಂಡು ತೆರೆದಿಡಬಹುದು, ಎಂಥ ಅಗ್ಗದ ಲೆನ್ಸೂ ಸಾಕು. ಚಲಿಸುವುದಾದರೆ ಟ್ರೈಪಾಡ್ ಕೆಲಸಕ್ಕೆ ಬಾರದು. ಶಟರ್ ಬೇಗ ಮುಚ್ಚಲೇಬೇಕು, ಅಷ್ಟು ಹೊತ್ತಿನೊಳಗೆ ಸಾಕಷ್ಟು ಬೆಳಕು ಒಳಗೆ ಬರಬೇಕು. ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂಬ ಪ್ರಶ್ನೆಗಳೆಲ್ಲ ಈ ಕವಲಿನಿಂದಲೇ ಹೊರಡುತ್ತವೆ.

ಹೊಸಬ: ಬೇಗ ಅಂದರೆ ಎಷ್ಟು ಬೇಗ?

ಹಳಬ: ಸೂಕಿನಲ್ಲಿ ನಿಧಾನವಾಗಿ ನಡೆಯುವವರಿಗೆ ಸೆಕೆಂಡಿನ 125ನೇ ಒಂದು ಭಾಗ. ವೇದಿಕೆಯ ಸಾಮಾನ್ಯ ಕುಣಿತಕ್ಕೆ 250ನೇ ಒಂದು. ಧಿಗಿಣಕ್ಕೆ 500ನೇ ಒಂದು ಅಥವಾ ಅದಕ್ಕಿಂತಲೂ ಚುರುಕು. ಭಾಗವತರು ಜಾಗಟೆ ಹಿಡಿದು ಕುಳಿತಿದ್ದರೆ 60ನೇ ಒಂದು ಭಾಗದಲ್ಲೂ ಮುಖ ನಿಚ್ಚಳವಾಗಿ ಬರುತ್ತದೆ.

ಹೊಸಬ: ಅಷ್ಟು ಚಿಕ್ಕ ಸಮಯದಲ್ಲಿ ಬೆಳಕು ಸಾಕಾಗುವಂತೆ ಮಾಡುವುದು ಹೇಗೆ?

ಹಳಬ: ದಾರಿ ಎರಡೇ. ಲೆನ್ಸಿನ ಬೆಳಕಿಂಡಿಯನ್ನು, ಅಂದರೆ ಅಪರ್ಚರನ್ನು, ಅಗಲಿಸುವುದು. ಇಲ್ಲವೇ ಬಂದ ಬೆಳಕನ್ನು ಹಿಗ್ಗಿಸುವ ಐಎಸ್‌ಒ ಏರಿಸುವುದು. ಅಪರ್ಚರಿನ ಅಳತೆ 1.4, 2, 2.8, 4, 5.6 ಎಂದು ಸಾಗುತ್ತದೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕಿಳಿಯುತ್ತದೆ. ಈ ಮೆಟ್ಟಿಲಿಗೆ ಛಾಯಾಗ್ರಾಹಕರು ಸ್ಟಾಪ್ ಎನ್ನುತ್ತಾರೆ. ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸ್ ಸಾಮಾನ್ಯವಾಗಿ 18ರಿಂದ 55 ಮಿ.ಮೀ. ಆಸುಪಾಸಿನದ್ದು. ಅದನ್ನು ಪೂರ್ತಿ ಝೂಮ್ ಮಾಡಿದರೆ ಕಿಂಡಿ ಎಫ್/5.6ರ ಆಸುಪಾಸಿಗೆ ಕುಗ್ಗುತ್ತದೆ. 50 ಮಿ.ಮೀ. ಎಫ್/1.8 ಎಂಬ ಝೂಮ್ ಇಲ್ಲದ ಪುಟ್ಟ ಲೆನ್ಸ್ ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ.

ಹೊಸಬ: ಹತ್ತು ಪಟ್ಟು ಅಂದರೆ ಚಿತ್ರದಲ್ಲಿ ಏನು ವ್ಯತ್ಯಾಸ?

ಹಳಬ: ಸಾಧಾರಣ ಬೆಳಕಿನ ವೇದಿಕೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 250ನೇ ಒಂದು ಸೆಕೆಂಡಿಗೆ ಕಿಟ್ ಲೆನ್ಸ್ ಐಎಸ್‌ಒ 12,800 ಕೇಳಿದರೆ, ಎಫ್/1.8 ಲೆನ್ಸಿಗೆ ಅದೇ ಜಾಗದಲ್ಲಿ 1,250 ಸುತ್ತಮುತ್ತ ಸಾಕು. ಮೊದಲನೆಯ ಚಿತ್ರದಲ್ಲಿ ಮುಖದ ಬಣ್ಣಗಾರಿಕೆಯ ಗೆರೆಗಳು ಕಾಳುಕಾಳಾಗಿ ಕದಡುತ್ತವೆ. ಎರಡನೆಯದರಲ್ಲಿ ಕಿರೀಟದ ಬಂಗಾರದ ಹಾಳೆಯನ್ನೂ ಕೆಂಪು ಬಟ್ಟೆಯನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು.

ಹೊಸಬ: ಈ ಕಾಳು ಹುಟ್ಟುವುದಾದರೂ ಎಲ್ಲಿಂದ? ಐಎಸ್‌ಒ ಏರಿಸಿದ್ದರಿಂದಲೇ?

ಹಳಬ: ಹಾಗೆಂದು ತಿಳಿಯುವವರು ಬಹಳ. ಮುಖ್ಯ ಕಾರಣ ಬೆಳಕಿನ ಸ್ವಭಾವ. ಬೆಳಕು ಕಣಗಳಾಗಿ, ಫೋಟಾನ್‌ಗಳಾಗಿ ಬೀಳುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಅಂಗಳದಲ್ಲಿ ಸಾಲಾಗಿ ಲೋಟಗಳನ್ನಿಟ್ಟರೆ ತುಂತುರು ಮಳೆಗೆ ಒಂದರಲ್ಲಿ ನಾಲ್ಕು ಹನಿ, ಪಕ್ಕದ್ದರಲ್ಲಿ ಎಂಟು. ಜಡಿಮಳೆ ಹೊಡೆದರೆ ಎಲ್ಲ ಲೋಟಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ. ಕತ್ತಲೆಯಲ್ಲಿ, ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೀಳುವುದು ತುಂತುರು. ಪಕ್ಕಪಕ್ಕದ ಚುಕ್ಕಿಗಳ ಆ ಏರುಪೇರೇ ಕಾಳಾಗಿ ಕಾಣುತ್ತದೆ. ಬಂದ ಅಲ್ಪ ಬೆಳಕನ್ನು ಐಎಸ್‌ಒ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಏರುಪೇರೂ ಹಿಗ್ಗುತ್ತದೆ. ಆದ್ದರಿಂದ ಮಾಡಬೇಕಾದದ್ದು ಹೆಚ್ಚು ಬೆಳಕು ಹಿಡಿಯುವ ಕೆಲಸ.

ಹೊಸಬ: ದೊಡ್ಡ ಸೆನ್ಸರ್ ಇದ್ದರೆ ಹೆಚ್ಚು ಬೆಳಕು ಹಿಡಿಯುತ್ತದಲ್ಲ? ಹಾಗಾದರೆ ನೇರವಾಗಿ ಫುಲ್ ಫ್ರೇಮ್ ಕೊಳ್ಳುವುದೇ ಒಳ್ಳೆಯದಲ್ಲವೇ?

ಹಳಬ: ಸ್ವಲ್ಪ ತಾಳಿ ಮಾರಾಯ್ರೆ, ಲೆಕ್ಕ ಹಾಕಿ ನೋಡುವ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ.ಗೆ 24 ಮಿ.ಮೀ., ವಿಸ್ತೀರ್ಣ 864 ಚದರ ಮಿ.ಮೀ. ಎಪಿಎಸ್-ಸಿ ಸೆನ್ಸರ್ ಸುಮಾರು 23.5ಕ್ಕೆ 15.6, ಅಂದರೆ 367 ಚದರ ಮಿ.ಮೀ.; ಕ್ಯಾನನ್‌ನದ್ದು ಇನ್ನೂ ತುಸು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ 17.3ಕ್ಕೆ 13, ಅಂದರೆ 225. ಫುಲ್ ಫ್ರೇಮ್ ಎಪಿಎಸ್-ಸಿಯ 2.4 ಪಟ್ಟು ದೊಡ್ಡದು. ಆಗುವ ಲಾಭ ಒಂದು ಸ್ಟಾಪಿಗಿಂತ ತುಸು ಹೆಚ್ಚು. ಆದರೆ ದುಡ್ಡೆಲ್ಲ ಬಾಡಿಗೇ, ಅಂದರೆ ಲೆನ್ಸ್ ಬಿಟ್ಟು ಕ್ಯಾಮೆರಾದ ಒಡಲಿಗೇ ಸುರಿದು, ಲೆನ್ಸಿಗೆ ಉಳಿಯದೆ ಎಫ್/4 ಝೂಮ್ ಹಾಕಿಕೊಂಡರೆ? ಎಫ್/1.8 ಲೆನ್ಸ್ ಎಫ್/4ರ ಐದು ಪಟ್ಟು ಬೆಳಕು ಬಿಡುತ್ತದೆ. ಎರಡನ್ನೂ ಭಾಗಿಸಿ ನೋಡಿದರೆ, ಚಿಕ್ಕ ಸೆನ್ಸರಿನ ಅಗ್ಗದ ಕ್ಯಾಮೆರಾಕ್ಕೆ ಎಫ್/1.8 ಲೆನ್ಸ್ ಹಾಕಿದವರೇ ಎರಡು ಪಟ್ಟು ಮುಂದಿರುತ್ತಾರೆ.

ಹೊಸಬ: ಬಾಡಿಗಿಂತ ಲೆನ್ಸಿಗೆ ಮೊದಲ ಮಣೆ ಎಂದಾಯಿತು. ಆದರೂ ಬಾಡಿ ಬೇಕಲ್ಲ. ಯಾವುದು?

ಹಳಬ: ಹೊಸದಾದರೆ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್. ಕನ್ನಡಿ ಇರುವ ಹಳೆಯ ಬಗೆಯ ಡಿಎಸ್‌ಎಲ್‌ಆರ್‌ಗಳಿಗೆ ಈಗ ದೊಡ್ಡ ಕಂಪನಿಗಳು ಹೊಸ ಲೆನ್ಸ್ ತರುತ್ತಿಲ್ಲ. ಮಿರರ್‌ಲೆಸ್‌ನ ಕಿರುಪರದೆಯಲ್ಲಿ ಚಿತ್ರ ಎಷ್ಟು ಕಪ್ಪಾಗಿ ಅಥವಾ ಬೆಳ್ಳಗೆ ಬರುತ್ತದೆ ಎಂಬುದು ಒತ್ತುವ ಮೊದಲೇ ಕಾಣುತ್ತದೆ. ಕತ್ತಲೆಯಲ್ಲಿ ಕಲಿಯುವವರಿಗೆ ಇದು ದೊಡ್ಡ ಆಸರೆ. ಎಪಿಎಸ್-ಸಿ ಸೆನ್ಸರಿನ ಆರಂಭದ ಮಾದರಿಗಳಲ್ಲಿ 2019ರ ಸೋನಿ ಎ6400, 2022ರ ನಿಕಾನ್ ಝಡ್30, 2023ರ ಕ್ಯಾನನ್ ಇಒಎಸ್ ಆರ್50, 2024ರ ನಿಕಾನ್ ಝಡ್50-2 ಮತ್ತು ಫ್ಯೂಜಿಫಿಲ್ಮ್ ಎಕ್ಸ್-ಎಂ5 ಬರುತ್ತವೆ. ಇವುಗಳ ಸೆನ್ಸರ್‌ಗಳ ನಡುವೆ ಕತ್ತಲೆಯ ಮಟ್ಟಿಗೆ ಹೇಳಿಕೊಳ್ಳುವಂಥ ಅಂತರವಿಲ್ಲ. ಝಡ್30 ಮತ್ತು ಎಕ್ಸ್-ಎಂ5ಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಅದನ್ನು ಗಮನಿಸಬೇಕು. ಕತ್ತಲ ಸಭಾಂಗಣದಲ್ಲಿ ಹಿಂದಿನ ಪರದೆ ಬೆಳಗುತ್ತಿದ್ದರೆ ಹಿಂದಿನ ಸಾಲಿನವರಿಗೆ ಕಿರಿಕಿರಿ.

ಹೊಸಬ: ಕೈ ನಡುಕವನ್ನು ತಡೆಯುವ ವ್ಯವಸ್ಥೆ ಕೆಲವು ಕ್ಯಾಮೆರಾಗಳೊಳಗೇ ಇರುತ್ತದಂತೆ?

ಹಳಬ: ಹೌದು, ಆದರೆ ಈಗ ಹೇಳಿದ ಐದರಲ್ಲಿ ಯಾವುದರ ಬಾಡಿಯಲ್ಲೂ ಅದು ಇಲ್ಲ. 2020ರ ಒಲಿಂಪಸ್ ಇ-ಎಂ10 ಮಾರ್ಕ್ 4ರಲ್ಲಿ ಇದೆ, ಅದರದ್ದು ಚಿಕ್ಕ ಸೆನ್ಸರ್. ಅದೇ ವರ್ಷದ ಫುಲ್ ಫ್ರೇಮ್ ನಿಕಾನ್ ಝಡ್5ರಲ್ಲೂ ಇದೆ. ಬಳಸಿದ್ದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಯೋಚಿಸಬಹುದು. ಆದರೆ ಈ ವ್ಯವಸ್ಥೆ ತಡೆಯುವುದು ತೆಗೆಯುವವರ ಕೈ ನಡುಕವನ್ನು. ಎದುರಿಗಿರುವವರ ಓಡಾಟವನ್ನು ಅದು ನಿಲ್ಲಿಸಲಾರದು. ಕೋಟೆ, ಮಸೀದಿ, ಬೀದಿದೀಪಗಳಿಗೆ ಉಪಯೋಗ ಉಂಟು, ಧಿಗಿಣಕ್ಕೆ ಇಲ್ಲ.

ಹೊಸಬ: ಇನ್ನು ಲೆನ್ಸ್. ಎಲ್ಲರೂ 50 ಮಿ.ಮೀ. ಎಫ್/1.8 ಎನ್ನುತ್ತಾರೆ. ಅದೇ ಸರಿಯೇ?

ಹಳಬ: ಅಗ್ಗ ಎಂಬ ಕಾರಣಕ್ಕೆ ಅದರ ಹೆಸರು ಮೊದಲು ಬರುತ್ತದೆ. ಆದರೆ ಎಪಿಎಸ್-ಸಿ ಸೆನ್ಸರಿನ ಮೇಲೆ 50 ಮಿ.ಮೀ. ಲೆನ್ಸ್ ಫುಲ್ ಫ್ರೇಮಿನ 75 ಮಿ.ಮೀ.ನಷ್ಟು, ಕ್ಯಾನನ್‌ನಲ್ಲಿ 80ರಷ್ಟು ಹತ್ತಿರಕ್ಕೆ ಎಳೆಯುತ್ತದೆ. ಸೂಕಿನ ಓಣಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ಅಂಗಡಿಯಾತನ ಮುಖ ಬರುತ್ತದೆ, ಅಂಗಡಿ ಬರುವುದಿಲ್ಲ. ಆದ್ದರಿಂದ ಜಾಗ ನೋಡಿ ಲೆನ್ಸ್. ಸೂಕಿಗೆ, ಮನೆಯೊಳಗಿನ ಹಬ್ಬಕ್ಕೆ 24ರಿಂದ 35 ಮಿ.ಮೀ. ಸಿಗ್ಮಾ ಕಂಪನಿಯ 30 ಮಿ.ಮೀ. ಎಫ್/1.4 ಮೂರು ಮೀಟರ್ ದೂರದಿಂದ ಎರಡೂಕಾಲು ಮೀಟರ್ ಅಗಲವನ್ನು ಹಿಡಿಯುತ್ತದೆ. ಒಂದು ಅಂಗಡಿಯ ಮುಂಭಾಗಕ್ಕೆ ಅಷ್ಟು ಸಾಕು. ನಿಕಾನ್‌ನಲ್ಲಿ 24 ಮಿ.ಮೀ. ಎಫ್/1.7, ಸೋನಿಯಲ್ಲಿ 35 ಮಿ.ಮೀ. ಎಫ್/1.8 ಇದೇ ಕೆಲಸಕ್ಕೆ.

ಹೊಸಬ: ಯಕ್ಷಗಾನಕ್ಕೆ, ರಾಜ್ಯೋತ್ಸವದ ವೇದಿಕೆಗೆ?

ಹಳಬ: ಅಲ್ಲಿ 50 ಅಥವಾ 56 ಮಿ.ಮೀ. ಸರಿಯಾಗಿ ಕೂರುತ್ತದೆ. ಸಿಗ್ಮಾದ 56 ಮಿ.ಮೀ. ಎಫ್/1.4ನ್ನು ವೇದಿಕೆಯಿಂದ ಹತ್ತು ಮೀಟರ್ ದೂರದಲ್ಲಿ ಉದ್ದುದ್ದಕ್ಕೆ ಹಿಡಿದರೆ ಚೌಕಟ್ಟಿನಲ್ಲಿ ನಾಲ್ಕು ಮೀಟರ್ ಎತ್ತರ, ಮೂರು ಮೀಟರಿಗೆ ತುಸು ಕಡಿಮೆ ಅಗಲ ಸಿಗುತ್ತದೆ. ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಒಂದು ವೇಷ ಪೂರ್ತಿ ಬಂದು, ಹಾರಲು ಮೇಲೆ ಜಾಗವೂ ಉಳಿಯುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು ದೊಡ್ಡ ಝೂಮಿನಿಂದ ಎಳೆಯುವುದಕ್ಕಿಂತ, ಮೊದಲೇ ಬಂದು ಮುಂದಿನ ಸಾಲು ಹಿಡಿಯುವುದು ಅಗ್ಗದ ಉಪಾಯ.

ಹೊಸಬ: ಒಂದೇ ಲೆನ್ಸಿನಲ್ಲಿ ಎರಡೂ ಬೇಕೆಂದರೆ?

ಹಳಬ: ಸಿಗ್ಮಾದ 18-50 ಮಿ.ಮೀ. ಎಫ್/2.8 ಇದೆ. ಝೂಮ್ ಮಾಡಿದರೂ ಕಿಂಡಿ 2.8ರಲ್ಲೇ ನಿಲ್ಲುತ್ತದೆ. ಕಿಟ್ ಲೆನ್ಸಿನ ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕು, ಎಫ್/1.4ರ ನಾಲ್ಕನೇ ಒಂದು. ನಡುವಿನ ಒಪ್ಪಂದ. 2021ರಲ್ಲಿ ಬಂದ ಈ ಲೆನ್ಸ್ 2024ರಿಂದ ಕ್ಯಾನನ್ ಆರ್‌ಎಫ್ ಮೌಂಟಿಗೂ, ಅಂದರೆ ಆ ಬಾಡಿಯಲ್ಲಿ ಲೆನ್ಸ್ ಕೂರುವ ಜೋಡಣೆಗೂ, ಸಿಗುತ್ತಿದೆ.

ಹೊಸಬ: ಕಿಂಡಿ ಅಗಲಿಸಿದರೆ ನಷ್ಟ ಏನೂ ಇಲ್ಲವೇ?

ಹಳಬ: ಇದೆ. ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತದೆ. 50 ಮಿ.ಮೀ. ಲೆನ್ಸನ್ನು ಎಫ್/1.8ರಲ್ಲಿಟ್ಟು ಎರಡು ಮೀಟರ್ ದೂರದವರನ್ನು ತೆಗೆದರೆ ಸ್ಪಷ್ಟವಾಗಿರುವುದು ಸುಮಾರು 11 ಸೆಂ.ಮೀ. ಆಳ ಮಾತ್ರ. ಕಣ್ಣು ಸರಿ, ಕಿವಿ ಮಂಜು. ಎರಡು ಸಾಲಿನಲ್ಲಿ ನಿಂತ ಬಳಗದ ಚಿತ್ರಕ್ಕೆ ಎಫ್/4 ಬೇಕು. ಅವರು ಅಲುಗಾಡದೆ ನಿಲ್ಲುವುದರಿಂದ ಶಟರನ್ನು 60ನೇ ಒಂದು ಭಾಗಕ್ಕೆ ಇಳಿಸಿದರೆ ಸರಿದೂಗುತ್ತದೆ.

ಹೊಸಬ: ಹಳೆಯ ಲೆನ್ಸ್ ಅಗ್ಗಕ್ಕೆ ಸಿಕ್ಕಿದರೆ ಹೊಸ ಬಾಡಿಗೆ ಹಾಕಬಹುದೇ?

ಹಳಬ: ಅಡಾಪ್ಟರ್ ಹಾಕಿದರೆ ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್‌ಗಳು ಆರ್50ರಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನಲ್ಲಿ ಜಾಗ್ರತೆ ಬೇಕು. ಹೆಸರಿನ ಕೊನೆಗೆ ಡಿ ಅಕ್ಷರವಿರುವ ಹಳೆಯ 50 ಮಿ.ಮೀ. ಎಫ್/1.8 ಲೆನ್ಸಿನೊಳಗೆ ಮೋಟರ್ ಇಲ್ಲ; ಎಫ್‌ಟಿಝಡ್ ಅಡಾಪ್ಟರಿನಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಕತ್ತಲೆಯಲ್ಲಿ ಚಲಿಸುವವರನ್ನು ಹಿಡಿಯಲು ಅದು ಹೊಸಬರಿಗೆ ಹೇಳಿದ್ದಲ್ಲ. ಬಳಸಿದ ಲೆನ್ಸನ್ನು ದೀಪಕ್ಕೆ ಹಿಡಿದು ನೋಡಿ. ಒಳಗೆ ಜೇಡರಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಮಳೆಗಾಲದಲ್ಲಿ ಮಂಗಳೂರು, ಉಡುಪಿಗೆ ರಜೆಗೆ ಒಯ್ಯುವವರು ತಮ್ಮ ಲೆನ್ಸನ್ನೂ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಬೇಕು.

ಹೊಸಬ: ನಕ್ಷತ್ರಗಳನ್ನು ತೆಗೆಯುವ ಆಸೆಯೂ ಇದೆ. ಜಬಲ್ ಶಮ್ಸ್‌ಗೆ ಹೋಗುವವರು ಬಹಳ.

ಹಳಬ: ಸುಮಾರು 3,000 ಮೀಟರ್ ಎತ್ತರದ ಬೆಟ್ಟ, ಒಣ ಹವೆ, ಊರ ದೀಪಗಳು ದೂರ. ಅಮಾವಾಸ್ಯೆಯ ಆಸುಪಾಸು ಹೋಗಬೇಕು. ಜುಲೈ, ಆಗಸ್ಟ್‌ನಲ್ಲಿ ಆಕಾಶಗಂಗೆಯ ನಡುಭಾಗ ಕತ್ತಲಾಗುತ್ತಿದ್ದಂತೆ ದಕ್ಷಿಣ ದಿಕ್ಕಿನಲ್ಲೇ ಇರುತ್ತದೆ. ಒಮಾನಿನ ಈ ಭಾಗದಿಂದ ಅದು ಕ್ಷಿತಿಜದ ಮೇಲೆ 37 ಡಿಗ್ರಿಯಷ್ಟು ಏರುತ್ತದೆ. ಕೆಳಗೆ ಮಸ್ಕತ್ ಬೇಯುತ್ತಿರುವಾಗ ಬೆಟ್ಟದ ಮೇಲೆ ರಾತ್ರಿ ತಂಪು, ಅದೊಂದು ಅನುಕೂಲ.

ಹೊಸಬ: ನಕ್ಷತ್ರ ನಿಂತದ್ದೇ, ಚಲಿಸುವುದೇ?

ಹಳಬ: ಎರಡರ ನಡುವಿನದು. ಭೂಮಿ ತಿರುಗುವುದರಿಂದ ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಚುಕ್ಕಿ ಗೆರೆಯಾಗುತ್ತದೆ. ಒಂದು ಒರಟು ಸೂತ್ರ ಉಂಟು: 500ನ್ನು ಲೆನ್ಸಿನ ಫುಲ್ ಫ್ರೇಮ್ ಸಮಾನ ಅಳತೆಯಿಂದ ಭಾಗಿಸಿ. ಎಪಿಎಸ್-ಸಿಯಲ್ಲಿ 16 ಮಿ.ಮೀ. ಲೆನ್ಸ್ ಎಂದರೆ 24ಕ್ಕೆ ಸಮ; 500ನ್ನು 24ರಿಂದ ಭಾಗಿಸಿದರೆ ಸುಮಾರು 20 ಸೆಕೆಂಡು. ಕಟ್ಟುನಿಟ್ಟಿನವರು 12ರಿಂದ 15ಕ್ಕೆ ನಿಲ್ಲಿಸುತ್ತಾರೆ. ಸಿಗ್ಮಾದ 16 ಮಿ.ಮೀ. ಎಫ್/1.4 ಈ ಕೆಲಸಕ್ಕೆ ಹೆಸರಾದದ್ದು. ಮೊದಲ ಪ್ರವಾಸಕ್ಕೆ ಅದನ್ನೇ ಕೊಳ್ಳಬೇಕೆಂದಿಲ್ಲ. ಕಿಟ್ ಲೆನ್ಸನ್ನು ಅಗಲದ ತುದಿಯಲ್ಲಿ ಎಫ್/3.5ಕ್ಕಿಟ್ಟು, ಐಎಸ್‌ಒ 6,400, 20 ಸೆಕೆಂಡು, ಗಟ್ಟಿ ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್ ಇಷ್ಟಿದ್ದರೆ ಆಕಾಶಗಂಗೆ ಕಾಣುತ್ತದೆ. ಆಟೋಫೋಕಸ್ ನಿಲ್ಲಿಸಿ, ಪರದೆಯಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿಕೊಂಡು, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಬೇಕು.

ಹೊಸಬ: ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿಯ ಒಳಗೆ?

ಹಳಬ: ಅಲ್ಲಿನ ತೊಡಕು ಬೇರೆ. ಮುಸ್ಲಿಮರಲ್ಲದವರಿಗೆ ಪ್ರವೇಶ ಶುಕ್ರವಾರ ಬಿಟ್ಟು ಬೆಳಿಗ್ಗೆ 8ರಿಂದ 11ರವರೆಗೆ. ಮುಖ್ಯ ಪ್ರಾರ್ಥನಾಮಂದಿರದಲ್ಲಿ 14 ಮೀಟರ್ ಎತ್ತರದ ತೂಗುದೀಪ ಝಗಝಗಿಸುತ್ತಿರುತ್ತದೆ, ಮೂಲೆಗಳು ಮಬ್ಬು. ಕ್ಯಾಮೆರಾ ಮಬ್ಬನ್ನು ನೋಡಿ ಲೆಕ್ಕ ಹಾಕಿದರೆ ದೀಪ ಬಿಳಿಯ ಮುದ್ದೆಯಾಗುತ್ತದೆ. ಒಂದು ಸ್ಟಾಪ್ ಕತ್ತಲಾಗಿಸಿ, ಸೆನ್ಸರಿನ ಮೂಲ ಮಾಹಿತಿ ಉಳಿಸುವ ರಾ ಫೈಲಿನಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಮಬ್ಬನ್ನು ಎತ್ತಬೇಕು. ಇಲ್ಲಿ ಕಿಟ್ ಲೆನ್ಸಿನ ಅಗಲವೇ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಗೋಡೆ, ಕಂಬ, ಜಮಖಾನೆ ಎಲ್ಲವೂ ನಿಂತದ್ದು. ಟ್ರೈಪಾಡ್ ಒಯ್ಯುವ ಮೊದಲು ಅನುಮತಿ ಕೇಳಬೇಕು.

ಹೊಸಬ: ಸೂಕಿನಲ್ಲಿ ಕೆಲವು ಚಿತ್ರಗಳಿಗೆ ಅಡ್ಡಡ್ಡ ಕಪ್ಪು ಪಟ್ಟೆ ಬೀಳುತ್ತದಂತೆ. ಕ್ಯಾಮೆರಾ ಕೆಟ್ಟದ್ದೇ?

ಹಳಬ: ಅಲ್ಲ. ಒಮಾನಿನ ವಿದ್ಯುತ್ತು ಭಾರತದಂತೆಯೇ 50 ಹರ್ಟ್ಸ್. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಮಿನುಗು ಪಟ್ಟೆಯಾಗಿ ಮೂಡುತ್ತದೆ. ಶಟರನ್ನು 50 ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಮೆಕ್ಯಾನಿಕಲ್ ಶಟರ್ ಇದ್ದರೆ ಅದನ್ನು ಬಳಸಬಹುದು, ಮಿನುಗು ತಡೆಯುವ ಆಯ್ಕೆ ಇದ್ದರೆ ಹಾಕಿಕೊಳ್ಳಬಹುದು.

ಹೊಸಬ: ಇಲ್ಲಿನ ಸೆಕೆ, ಧೂಳು?

ಹಳಬ: ಬೇಸಿಗೆಯ ರಾತ್ರಿ ಎಸಿ ಕಾರಿನಿಂದ ಕಡಲ ದಂಡೆಗೆ ಇಳಿದರೆ ತಣ್ಣಗಿನ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿನ ಸೆಕೆಗೆ ಒಗ್ಗಿಸಬೇಕು. ಶರ್ಕಿಯಾ ಮರಳುಗಾಡಿನಲ್ಲಿ ಲೆನ್ಸ್ ಬದಲಿಸಬಾರದು. ಬೇಕಾದದ್ದನ್ನು ಹೊರಡುವ ಮೊದಲೇ ಹಾಕಿಕೊಳ್ಳಬೇಕು. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗಿನ ಖರೀಫ್ ಮಳೆಗಾಲದಲ್ಲಿ ಸಲಾಲಾಕ್ಕೆ ಹೋಗುವವರಿಗೆ ಮಲೆನಾಡಿನಂಥ ಮಂಜು, ಸೋನೆ. ಆರಂಭದ ಮಾದರಿಗಳಲ್ಲಿ ಹೆಚ್ಚಿನವಕ್ಕೆ ನೀರು ತಡೆಯುವ ಭದ್ರ ಕಟ್ಟು ಇಲ್ಲದ್ದರಿಂದ ಮಳೆಹೊದಿಕೆ ಬೇಕೇಬೇಕು.

ಹೊಸಬ: ಬೆಳಕಿಲ್ಲದ ಕಡೆ ಫ್ಲ್ಯಾಶ್ ಹಾಕಿದರೆ ಇಷ್ಟೆಲ್ಲ ಯೋಚನೆ ಇಲ್ಲವಲ್ಲ?

ಹಳಬ: ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಕೆಲವೇ ಮೀಟರ್ ಮುಟ್ಟುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ. ಹತ್ತಿರದವರ ಮುಖ ಸುಣ್ಣ ಬಳಿದಂತೆ, ಹಿಂದಿನ ದೀಪಗಳ ಸೊಬಗು ಮಾಯ. ರಾಸ್ ಅಲ್ ಜಿಂಜ್ ಕಡಲತೀರದಲ್ಲಂತೂ ಫ್ಲ್ಯಾಶ್ ನಿಷಿದ್ಧ. ಅಲ್ಲಿ ರಾತ್ರಿ ಮೊಟ್ಟೆಯಿಡಲು ದಂಡೆಗೇರುವ ಹಸಿರಾಮೆಗಳು ಬೆಳಕಿಗೆ ಬೆದರಿ ಮೊಟ್ಟೆಯಿಡದೆ ಕಡಲಿಗೆ ಮರಳಬಹುದು, ಮರಿಗಳು ಕಡಲಿನ ದಿಕ್ಕು ತಪ್ಪಬಹುದು. ಯಾವಾಗ ಕ್ಯಾಮೆರಾ ಹೊರತೆಗೆಯಬಹುದು ಎಂಬುದಕ್ಕೆ ಅಲ್ಲಿನ ಮಾರ್ಗದರ್ಶಕರ ಮಾತೇ ಕೊನೆ. ಸೂಕಿನಲ್ಲಿ ಜನರನ್ನು, ಅದರಲ್ಲೂ ಹೆಂಗಸರನ್ನು, ಕೇಳದೆ ತೆಗೆಯಬಾರದು. ಸೇನೆ, ಪೊಲೀಸರ ಕಟ್ಟಡಗಳತ್ತ ಕ್ಯಾಮೆರಾ ತಿರುಗಿಸಲೇಬಾರದು.

ಹೊಸಬ: ಕೊನೆಗೆ ರಿಯಾಲ್ ಲೆಕ್ಕ.

ಹಳಬ: ಒಂದು ಒಮಾನಿ ರಿಯಾಲ್ ಎಂದರೆ 2.60 ಡಾಲರ್, ನಿಗದಿಯಾದ ದರ. ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಆರ್50 ಬಾಡಿ 680 ಡಾಲರ್, ಅಂದರೆ ಸುಮಾರು 261 ರಿಯಾಲ್. ಕ್ಯಾನನ್ ಆರ್‌ಎಫ್ 50 ಮಿ.ಮೀ. ಎಫ್/1.8 ಲೆನ್ಸ್ 200 ಡಾಲರ್, 77 ರಿಯಾಲ್. ಎರಡೂ ಸೇರಿ 338. ಫುಲ್ ಫ್ರೇಮ್ ಇಒಎಸ್ ಆರ್‌ಪಿ 2019ರಲ್ಲಿ ಬಂದಾಗ ಬಾಡಿಯೊಂದಕ್ಕೇ 1,299 ಡಾಲರ್, ಹೆಚ್ಚುಕಡಿಮೆ 500 ರಿಯಾಲ್. ಮಸ್ಕತ್‌ನ ರೂವಿಯ ಅಂಗಡಿಗಳ ಬೆಲೆ ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಹೇಳಿದ ಬೆಲೆಯಲ್ಲಿ, 2021ರ ಏಪ್ರಿಲ್‌ನಿಂದ ಇರುವ ಶೇಕಡಾ 5ರ ವ್ಯಾಟ್ ಸೇರಿದೆಯೇ, ವಾರಂಟಿ ಒಮಾನಿಗೆ ಮಾತ್ರವೇ, ಊರಿಗೆ ಒಯ್ದರೂ ನಡೆಯುತ್ತದೆಯೇ ಎಂಬುದನ್ನು ಕಾರ್ಡಿನಲ್ಲೇ ಓದಿಕೊಳ್ಳಬೇಕು.

ಹೊಸಬ: ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ?

ಹಳಬ: ಮೊದಲು ಕಿಟ್ ಲೆನ್ಸ್ ಸಮೇತ ಒಂದು ಎಪಿಎಸ್-ಸಿ ಬಾಡಿ, ಅದರ ಜೊತೆಗೇ ಅಗಲ ಕಿಂಡಿಯ, ಝೂಮ್ ಇಲ್ಲದ ಒಂದು ಲೆನ್ಸ್. ಓಣಿ, ಮನೆ ಹೆಚ್ಚಾದರೆ 30ರ ಆಸುಪಾಸಿನದು, ವೇದಿಕೆ ಹೆಚ್ಚಾದರೆ 50ರದ್ದು. ಮೂರನೆಯದು ಗಾಳಿಗೆ ಅಲುಗದ ಟ್ರೈಪಾಡ್. ನಕ್ಷತ್ರದ ಹುಚ್ಚು ಒಂದು ವರ್ಷದ ನಂತರವೂ ಉಳಿದಿದ್ದರೆ ಆಗ 16 ಮಿ.ಮೀ. ಎಫ್/1.4. ಬಾಡಿ ಬದಲಿಸುವ ಮಾತು ಇವೆಲ್ಲ ಆದ ಮೇಲೆ. ಬಾಡಿ ಬದಲಾದರೂ, ಅದೇ ಕಂಪನಿಯ ಅದೇ ಮೌಂಟಿನ ಎಪಿಎಸ್-ಸಿಯಲ್ಲೇ ಮುಂದುವರಿದರೆ, ಈ ಲೆನ್ಸ್‌ಗಳೆಲ್ಲ ಹೊಸದಕ್ಕೂ ಕೂರುತ್ತವೆ.